ಪೆನ್‌ಡ್ರೈವ್‌ನಲ್ಲಿ ಹೊತ್ತು ತಂದ ಮದ್ದು

2010ರ ಏಪ್ರಿಲ್ 21. ಆಂಟಿವೈರಸ್ ಕಂಪನಿ ಮ್ಯಾಕಫಿ ಎಂದಿನಂತೆ ಆ ದಿನದ ಅಪ್‌ಡೇಟ್ ಕಳಿಸಿತು. ಸಂಖ್ಯೆ 5958. ಅದು ತಲುಪಿದ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು, ನೆಟ್‌ವರ್ಕ್ ಕಡಿದುಹೋಯಿತು. ಅಮೆರಿಕದ ರೋಡ್ ಐಲ್ಯಾಂಡ್‌ನ ಆಸ್ಪತ್ರೆಗಳಿಗೂ ಆಸ್ಟ್ರೇಲಿಯಾದ ಕೋಲ್ಸ್ ಅಂಗಡಿಗಳ ಬಿಲ್ಲಿಂಗ್ ಕೌಂಟರುಗಳಿಗೂ ಇದರ ಬಿಸಿ ತಟ್ಟಿತು.

ವೈರಸ್ ಎಂದು ಆ ಅಪ್‌ಡೇಟ್ ಹಿಡಿದದ್ದು ವಿಂಡೋಸ್‌ನದೇ ಎಸ್‌ವಿಸಿಹೋಸ್ಟ್ ಫೈಲನ್ನು. ವಿಂಡೋಸ್‌ನ ಹಲವು ಸೇವೆಗಳು ನಡೆಯುವುದು ಇದರ ಆಸರೆಯಲ್ಲಿ. ಯಂತ್ರಕ್ಕೆ ಐಪಿ ವಿಳಾಸ ಪಡೆದು ಕೊಡುವ ಡಿಎಚ್‌ಸಿಪಿ ಸೇವೆಯೂ ಅದರಲ್ಲೊಂದು. ಫೈಲ್ ಹೋಯಿತೆಂದರೆ ಕೇಬಲ್ ನೆಟ್ಟಗಿದ್ದರೂ ಸಂಪರ್ಕ ಸಿಗದು. ಕಂಪನಿ ಕೆಲವೇ ಗಂಟೆಗಳಲ್ಲಿ ಆ ಅಪ್‌ಡೇಟ್ ಹಿಂತೆಗೆದು ಸರಿಯಾದದ್ದನ್ನು ಕೊಟ್ಟಿತು, ನಿಜ. ಆದರೆ ಕೆಟ್ಟ ಯಂತ್ರಕ್ಕೆ ಅದು ತಲುಪುವ ದಾರಿಯೇ ಉಳಿದಿರಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಹೀಗಾಗಿ ಐಟಿ ಸಿಬ್ಬಂದಿ ಪೆನ್‌ಡ್ರೈವ್ ಹಿಡಿದು ಮೇಜಿನಿಂದ ಮೇಜಿಗೆ ನಡೆದರು. ಸೇಫ್ ಮೋಡ್‌ನಲ್ಲಿ ಯಂತ್ರ ತೆರೆದು, ಮೊದಲು ಆ ತಪ್ಪು ಗುರುತಿಸುವಿಕೆಯನ್ನು ತಡೆಯುವ ಎಕ್ಸ್‌ಟ್ರಾ.ಡ್ಯಾಟ್ ಎಂಬ ಫೈಲ್ ಹಾಕಬೇಕು, ಆಮೇಲೆ ಎಸ್‌ವಿಸಿಹೋಸ್ಟ್ ಮರಳಿಸಬೇಕು. ಕ್ರಮ ತಪ್ಪಿದರೆ ಮರಳಿಸಿದ ಫೈಲನ್ನೂ ಆಂಟಿವೈರಸ್ ಮತ್ತೆ ಹಿಡಿಯುತ್ತದೆ. ಫೈಲಿಗಾಗಿ ಬಹಳ ದೂರ ಹುಡುಕಬೇಕಿರಲಿಲ್ಲ. ಎಕ್ಸ್‌ಪಿ ತನ್ನ ಮುಖ್ಯ ಫೈಲುಗಳ ಪ್ರತಿಯನ್ನು ಡಿಎಲ್‌ಎಲ್‌ಕ್ಯಾಶ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತಿತ್ತು. ಅಲ್ಲಿಲ್ಲದಿದ್ದರೆ ಅದೇ ಆವೃತ್ತಿಯ ಇನ್ನೊಂದು ಯಂತ್ರದಿಂದ ತರಬೇಕಿತ್ತು.

ಇಷ್ಟಕ್ಕೆಲ್ಲ ಕಾರಣವೇನು? ತನ್ನ ಪರೀಕ್ಷಾ ವ್ಯವಸ್ಥೆಯಲ್ಲಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಮತ್ತು ತನ್ನದೇ ಆಂಟಿವೈರಸ್ ಆದ ವೈರಸ್‌ಸ್ಕ್ಯಾನ್ 8.7ರ ಜೋಡಿಯೇ ಇರಲಿಲ್ಲ ಎಂದು ಕಂಪನಿ ಒಪ್ಪಿಕೊಂಡಿತು. ಕಚೇರಿಗಳಲ್ಲಿ ಅಷ್ಟು ಬಳಕೆಯಲ್ಲಿದ್ದ ಜೋಡಿಯನ್ನು ಪರೀಕ್ಷಿಸದೆ ಬಿಟ್ಟದ್ದು ಕ್ಷಮಿಸಲಾಗದ ಉಪೇಕ್ಷೆ. ಇಂಥದ್ದು ಮತ್ತೆಯೂ ನಡೆಯಿತು. 2012ರಲ್ಲಿ ಸೋಫೋಸ್ ಎಂಬ ಇನ್ನೊಂದು ಕಂಪನಿಯ ಆಂಟಿವೈರಸ್ ತನ್ನದೇ ಅಪ್‌ಡೇಟ್ ತಂತ್ರಾಂಶವನ್ನು ವೈರಸ್ ಎಂದು ಹಿಡಿಯಿತು. ಅಲ್ಲೂ ತೊಡಕು ಅದೇ: ಮದ್ದು ತರಬೇಕಾದವನೇ ಬಂದಿಯಾಗಿದ್ದ.

ಮ್ಯಾಕಫಿಯಲ್ಲಿ ಆಗ ತಂತ್ರಜ್ಞಾನದ ಹೊಣೆ ಹೊತ್ತಿದ್ದ ಜಾರ್ಜ್ ಕರ್ಟ್ಜ್ ಮುಂದೆ ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ಕಟ್ಟಿದರು. 2024ರ ಜುಲೈ 19ರಂದು ಅದರ ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಈ ಬಾರಿ ಅಳಿಸಬೇಕಿದ್ದುದು ಅವರೇ ಕಳಿಸಿದ ಫೈಲು. ಆದರೆ ಬಹುಪಾಲು ಕಡೆ ಮತ್ತೆ ಸೇಫ್ ಮೋಡ್, ಮತ್ತೆ ಒಂದೊಂದೇ ಯಂತ್ರದ ಮುಂದೆ ಕೂತು ಮಾಡುವ ಕೆಲಸ. ಆ ಬಳಿಕವೇ ಕಂಪನಿ ಇಂಥ ಅಪ್‌ಡೇಟುಗಳನ್ನು ಹಂತಹಂತವಾಗಿ ಬಿಡುವುದಾಗಿ ಹೇಳಿತು. ನಿಮ್ಮ ಕಚೇರಿಯ ಯಂತ್ರಗಳನ್ನು ನೋಡಿಕೊಳ್ಳುವವರನ್ನು ಒಮ್ಮೆ ಕೇಳಿ ನೋಡಿ: ಅಪ್‌ಡೇಟ್ ಮೊದಲು ಬರುವುದು ನಾಲ್ಕು ಯಂತ್ರಕ್ಕೋ, ಎಲ್ಲಕ್ಕೂ ಒಟ್ಟಿಗೋ?