ವಾರ್ಡಿನ ಲೆಕ್ಕ

ಆಸ್ಪತ್ರೆಯ ವಾರ್ಡಿನಲ್ಲಿ ನರ್ಸುಗಳು ದಿನವಿಡೀ ಮಾಡುವ ಲೆಕ್ಕ ಏಳನೇ ತರಗತಿಯ ಗಣಿತವನ್ನು ಮೀರುವುದಿಲ್ಲ. ಗುಣಾಕಾರ, ಭಾಗಾಕಾರ, ದಶಮಾಂಶ, ಶೇಕಡಾ, ತ್ರೈರಾಶಿ ಬಂದರೆ ಸಾಕು. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದಲ್ಲಿ ಕನ್ನಡದಲ್ಲೇ ವಿವರಿಸಿದ ತ್ರೈರಾಶಿಯೇ ಇಂದು ಸಿರಿಂಜಿಗೆ ಎಷ್ಟು ಔಷಧ ಎಳೆಯಬೇಕೆಂದು ಹೇಳುತ್ತದೆ. ಕಷ್ಟವೆಲ್ಲ ಇರುವುದು ಯಾವ ಸಂಖ್ಯೆ ಯಾವ ಮಾನದ್ದು ಎಂದು ಗುರುತಿಸುವಲ್ಲಿ, ಅದೂ ರಾತ್ರಿ ಡ್ಯೂಟಿಯ ಆಯಾಸದಲ್ಲಿ.

ಮಕ್ಕಳ ವಾರ್ಡಿನ ಲೆಕ್ಕ ತೂಕದಿಂದ ಶುರುವಾಗುತ್ತದೆ. ಮಗುವಿನ ತೂಕ 10 ಕಿಲೋ. ಜ್ವರಕ್ಕೆ ಕಿಲೋಗೆ 15 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎಂದು ಡಾಕ್ಟರು ಬರೆದಿದ್ದಾರೆ. ಬೇಕಾದದ್ದು 150 ಮಿಲಿಗ್ರಾಂ. ಬಾಟಲಿಯ ಮೇಲೆ ‘5 ಮಿಲಿಯಲ್ಲಿ 125 ಮಿಲಿಗ್ರಾಂ’ ಎಂದಿದ್ದರೆ ಕುಡಿಸಬೇಕಾದದ್ದು 6 ಮಿಲಿ. ಆದರೆ 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಸಿರಪ್ಪೂ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಾದರೆ 3 ಮಿಲಿಯೇ ಸಾಕು. ‘ಒಂದು ಚಮಚ ಕುಡಿಸಿ’ ಎಂಬ ಬಾಯಿಮಾತು ಅಪಾಯಕಾರಿಯಾಗುವುದು ಇಲ್ಲೇ. ಮನೆಗೆ ಕಳಿಸುವಾಗ ತಾಯಿಗೆ ಅಳತೆ ಮುಚ್ಚಳದ ಗೆರೆಯನ್ನು ಬೆರಳಿಟ್ಟು ತೋರಿಸುವ ನರ್ಸು ಅರ್ಧ ಚಿಕಿತ್ಸೆ ಮುಗಿಸಿದಂತೆಯೇ.

ಆಂಟಿಬಯೋಟಿಕ್‌ಗಳಲ್ಲಿ ಇನ್ನೊಂದು ತೊಡಕಿದೆ. ಕೆಲವನ್ನು ಇಡೀ ದಿನಕ್ಕೆ ಕಿಲೋಗೆ ಇಷ್ಟು ಎಂದು ಬರೆದು ಮೂರು ಹೊತ್ತಿಗೆ ಹಂಚಲು ಹೇಳಿರುತ್ತಾರೆ. ದಿನದ ಮೊತ್ತವನ್ನೇ ಒಂದು ಹೊತ್ತಿನದೆಂದು ಓದಿಕೊಂಡರೆ ಮಗುವಿಗೆ ಮೂರು ಪಟ್ಟು ಔಷಧ ಹೋಗುತ್ತದೆ. ಭಾಗಾಕಾರ ಬಾರದೆ ಆಗುವ ತಪ್ಪಲ್ಲ ಇದು, ಓದುವಾಗಲೇ ಆಗುವ ತಪ್ಪು.

ಡ್ರಿಪ್ಪಿನ ಲೆಕ್ಕದಲ್ಲಿ ಗಡಿಯಾರವೂ ಸೇರಿಕೊಳ್ಳುತ್ತದೆ. 500 ಮಿಲಿ ಸಲೈನ್ 4 ಗಂಟೆಯಲ್ಲಿ ಹೋಗಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಸೆಟ್ಟಿನಲ್ಲಿ 20 ಹನಿ ಬಿದ್ದರೆ 1 ಮಿಲಿ. ಅದು ಸೆಟ್ಟಿನ ಕವರಿನ ಮೇಲೆ ಅಚ್ಚಾಗಿರುತ್ತದೆ. ಅಂದರೆ ಒಟ್ಟು 10,000 ಹನಿ, 240 ನಿಮಿಷ, ನಿಮಿಷಕ್ಕೆ ಸುಮಾರು 42 ಹನಿ. ನರ್ಸು ಒಂದು ಕಣ್ಣು ಸೆಕೆಂಡಿನ ಮುಳ್ಳಿನ ಮೇಲಿಟ್ಟು, 15 ಸೆಕೆಂಡಿಗೆ 10 ಅಥವಾ 11 ಹನಿ ಬೀಳುವವರೆಗೆ ಕೊಳವೆಯ ಮೇಲಿನ ಚಕ್ರವನ್ನು ತುಸುತುಸುವೇ ತಿರುಗಿಸುತ್ತಾರೆ. ಅನುಭವಸ್ಥರಿಗೆ ಇಷ್ಟು ಸುತ್ತುವುದೂ ಬೇಕಿಲ್ಲ. ಗಂಟೆಗೆ 125 ಮಿಲಿ, ಅದನ್ನು 3ರಿಂದ ಭಾಗಿಸಿದರೆ 42, ಆಯಿತು. ಗಂಟೆಗೆ 60 ನಿಮಿಷ, ಮಿಲಿಗೆ 20 ಹನಿ. ಆ 3 ಬರುವುದು ಇವೆರಡರಿಂದ. ಹೆಚ್ಚಾಗಿ ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್ಟಿನಲ್ಲಿ 60 ಹನಿಗೆ 1 ಮಿಲಿ. ಅಲ್ಲಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ, ಭಾಗಾಕಾರವೇ ಇಲ್ಲ. ಅದೇ 42 ಹನಿ ಮೈಕ್ರೋ ಸೆಟ್ಟಿನಲ್ಲಿ ಬಿದ್ದರೆ ಗಂಟೆಗೆ ಹೋಗುವುದು ಬರೀ 42 ಮಿಲಿ. ಸೆಟ್ ಯಾವುದೆಂದು ನೋಡದೆ ಹನಿ ಎಣಿಸಿ ಪ್ರಯೋಜನವಿಲ್ಲ.

ಒಮ್ಮೆ ಸರಿಮಾಡಿದ ವೇಗ ಹಾಗೆಯೇ ಉಳಿಯುವುದೂ ಇಲ್ಲ. ರೋಗಿ ಕೈ ಮಡಿಸಿದರೆ, ಎದ್ದು ಕೂತರೆ ಹನಿಯ ಲಯ ಬದಲಾಗುತ್ತದೆ. ಅದಕ್ಕೇ ಬಾಟಲಿಗೆ ಉದ್ದಕ್ಕೂ ಪ್ಲಾಸ್ಟರ್ ಪಟ್ಟಿ ಅಂಟಿಸಿ ಗಂಟೆಗೊಂದು ಗೆರೆ ಎಳೆಯುವ ರೂಢಿಯಿದೆ. ಹತ್ತು ಗಂಟೆಗೆ ಶುರುವಾದದ್ದು ಹನ್ನೆರಡಕ್ಕೆ 250ರ ಗೆರೆಗೆ ಬಂದಿರಬೇಕು. ಬಾರದಿದ್ದರೆ ದೂರದಿಂದಲೇ ಗೊತ್ತಾಗುತ್ತದೆ.

ಇನ್ಸುಲಿನ್ ವಿಷಯದಲ್ಲಿ ಒಂದು ಕ್ಷಣದ ಅಲಕ್ಷ್ಯವೂ ಸಲ್ಲದು. ಭಾರತದಲ್ಲಿ ಮಿಲಿಗೆ 40 ಯೂನಿಟ್ ಇರುವ ವಯಲ್‌ಗಳೂ 100 ಯೂನಿಟ್ ಇರುವವೂ ಬಳಕೆಯಲ್ಲಿವೆ. ಸಿರಿಂಜುಗಳೂ ಎರಡು ಬಗೆ: ಸಾಮಾನ್ಯವಾಗಿ 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಬಣ್ಣದ್ದು. ಕೆಂಪು ಸಿರಿಂಜಿನ 20ರ ಗೆರೆ ಎಂದರೆ ಅರ್ಧ ಮಿಲಿ. ಅದೇ ಗೆರೆಯವರೆಗೆ 100ರ ವಯಲ್‌ನಿಂದ ಎಳೆದರೆ 20ರ ಬದಲು 50 ಯೂನಿಟ್ ದೇಹ ಸೇರುತ್ತದೆ. ಸಕ್ಕರೆ ಪಾತಾಳಕ್ಕಿಳಿದು ರೋಗಿ ಪ್ರಜ್ಞೆ ತಪ್ಪಬಹುದು. ಮನೆಯಲ್ಲೇ ಚುಚ್ಚಿಕೊಳ್ಳುವವರಿಗೆ ಇದನ್ನು ಎರಡೆರಡು ಸಲ ಹೇಳಬೇಕು.

ಶೇಕಡಾ ಮತ್ತು ಅನುಪಾತ ಔಷಧದ ಲೇಬಲ್ಲಿನಲ್ಲೇ ಬರುತ್ತವೆ. ಶೇ. 2ರ ಲಿಗ್ನೊಕೇನ್ ಎಂದರೆ 100 ಮಿಲಿಯಲ್ಲಿ 2 ಗ್ರಾಂ, ಮಿಲಿಗೆ 20 ಮಿಲಿಗ್ರಾಂ. 1:1000 ಅಡ್ರಿನಲಿನ್‌ನಲ್ಲಿ ಮಿಲಿಗೆ 1 ಮಿಲಿಗ್ರಾಂ ಇದ್ದರೆ, 1:10,000ರಲ್ಲಿ ಅದರ ಹತ್ತನೇ ಒಂದು ಪಾಲು.

ಹತ್ತು ಪಟ್ಟಿನ ಇಂಥ ವ್ಯತ್ಯಾಸ ಬರವಣಿಗೆಯಿಂದಲೂ ಹುಟ್ಟುತ್ತದೆ. ‘.5’ ಎಂದು ಬರೆದರೆ ಚುಕ್ಕೆ ಕಾಣದೆ 5 ಆಗಬಹುದು, ‘5.0’ ಎಂದರೆ 50 ಆಗಬಹುದು. ಆದ್ದರಿಂದ ಚುಕ್ಕೆಯ ಹಿಂದೆ ಸೊನ್ನೆ ಇರಲೇಬೇಕು, ಪೂರ್ಣಾಂಕದ ಮುಂದೆ ಚುಕ್ಕೆ-ಸೊನ್ನೆ ಇರಬಾರದು. ಯೂನಿಟ್‌ಗೆ ‘ಯು’ ಎಂಬ ಇಂಗ್ಲಿಷ್ ಅಕ್ಷರವನ್ನಷ್ಟೇ ಹಾಕಿದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುತ್ತದೆ. ಪೂರ್ತಿ ಪದವನ್ನೇ ಬರೆಯಬೇಕು.

ಕೊಡುವ ಲೆಕ್ಕದಷ್ಟೇ ಹೊರಬರುವ ಲೆಕ್ಕವೂ ಮುಖ್ಯ. ದೊಡ್ಡವರಿಗೆ ಗಂಟೆಗೆ ಕಿಲೋಗೆ ಅರ್ಧ ಮಿಲಿಯಾದರೂ ಮೂತ್ರ ಹೋಗಬೇಕೆಂಬುದು ರೂಢಿಯ ಮಾನದಂಡ. 60 ಕಿಲೋ ತೂಕದವರಿಗೆ 6 ಗಂಟೆಯಲ್ಲಿ 180 ಮಿಲಿ. ಚೀಲದಲ್ಲಿ 90 ಮಾತ್ರ ಇದ್ದರೆ, ಕೊಳವೆ ಎಲ್ಲೂ ಮಡಚಿಲ್ಲವೆಂದು ಖಚಿತಪಡಿಸಿಕೊಂಡು ಡಾಕ್ಟರಿಗೆ ತಿಳಿಸಬೇಕು.

ಸೂತ್ರಕ್ಕಿಂತ ಮೊದಲು ಅಂದಾಜು ಮಾಡುವುದು ಈ ವೃತ್ತಿಯ ಅತ್ಯುತ್ತಮ ಅಭ್ಯಾಸ. ನರ್ಸಿಂಗ್ ತರಗತಿಗಳಲ್ಲಿ ಇದಕ್ಕೆ ಇನ್ನೂ ಹೆಚ್ಚು ಸಮಯ ಸಿಗಬೇಕು. ಸಾಮಾನ್ಯವಾಗಿ ಒಂದು ಹೊತ್ತಿನ ಔಷಧ ಒಂದೆರಡು ಆಂಪೂಲ್‌ನಲ್ಲಿ ಮುಗಿಯುತ್ತದೆ. ಐದು ಆಂಪೂಲ್ ಒಡೆಯಬೇಕೆಂದು ಉತ್ತರ ಬಂದರೆ ಕೈ ಅಲ್ಲಿಗೇ ನಿಂತು ಲೆಕ್ಕವನ್ನು ಮತ್ತೆ ನೋಡಬೇಕು. ಇನ್ಸುಲಿನ್, ಹೆಪಾರಿನ್‌ನಂಥವಕ್ಕೆ ಇಬ್ಬರು ನರ್ಸುಗಳು ಬೇರೆಬೇರೆಯಾಗಿ ಲೆಕ್ಕ ಹಾಕಿ ಉತ್ತರ ಹೋಲಿಸುತ್ತಾರೆ. ಮೊದಲಿನವರು ‘3 ಮಿಲಿ ತಾನೇ?’ ಎಂದು ಕೇಳಿದರೆ ಎರಡನೆಯವರು ಹೂಂ ಎಂದುಬಿಡುವ ಸಾಧ್ಯತೆಯೇ ಹೆಚ್ಚು. ಅದಕ್ಕೇ ಎರಡನೆಯವರು ಮೊದಲ ಉತ್ತರ ಕೇಳಿಸಿಕೊಳ್ಳದೆ, ಕೇಸ್ ಶೀಟನ್ನೂ ವಯಲ್‌ನ ಲೇಬಲ್ಲನ್ನೂ ತಾವೇ ಓದಿ ಮೊದಲಿಂದ ಲೆಕ್ಕ ಹಾಕುತ್ತಾರೆ. ಎರಡೂ ಉತ್ತರ ಹೊಂದಿದ ಮೇಲೆಯೇ ಇಬ್ಬರೂ ಸಹಿ ಮಾಡುತ್ತಾರೆ.