1:180 ಎಂಬ ವರದಿ ಬಂದ ಮೇಲೆ

ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆ ಬಿಡಬಾರದು ಎಂಬುದು ನಮ್ಮ ಮನೆಗಳ ಹಳೆಯ ವಾಡಿಕೆ. ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್ ರಕ್ತಪರೀಕ್ಷೆ ನಡೆಯುವುದೂ 11ರಿಂದ 14ನೇ ವಾರದೊಳಗೆ. ಹಾಗಾಗಿ ನೆಂಟರಿಗೆ ಹೇಳಲು ಹೊರಟ ಹೊತ್ತಿಗೇ ಲ್ಯಾಬಿನವರ ಪಿಡಿಎಫ್ ಮೊಬೈಲಿಗೆ ಬಂದು ಬೀಳುತ್ತದೆ. ‘ಹೈ ರಿಸ್ಕ್’, ಪಕ್ಕದಲ್ಲಿ 1:180. ಬಂದದ್ದು ಶನಿವಾರ ಸಂಜೆ, ಡಾಕ್ಟರು ಸಿಗುವುದು ಸೋಮವಾರ. ಇಂಥ ವರದಿ ಡಾಕ್ಟರ ಬಾಯಿಂದಲ್ಲದೆ ವಾಟ್ಸ್ಆ್ಯಪ್‌ನಲ್ಲಿ ಬರುವುದೇ ತಪ್ಪು ಎನ್ನುವುದು ನನ್ನ ಅಭಿಪ್ರಾಯ.

ಇದೇ ಅಂಕಿ ಬಂದ 180 ಗರ್ಭಿಣಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇದ್ದೀತು, ಉಳಿದ 179 ಮಂದಿಯ ಮಕ್ಕಳಿಗೆ ಇರುವುದಿಲ್ಲ. 1:180ರ ಅರ್ಥ ಇಷ್ಟೇ. ಹಲವು ಲ್ಯಾಬುಗಳು 1:250ಕ್ಕೆ ಗೆರೆ ಎಳೆದಿವೆ. 1:240 ಬಂದರೆ ಕೆಂಪು, 1:260 ಬಂದರೆ ಹಸಿರು. ತಾಯಿಯ ವಯಸ್ಸು, ತೂಕ, ರಕ್ತದ ಎರಡು ಅಂಶಗಳು, ಮಗುವಿನ ಕತ್ತಿನ ಹಿಂದೆ ತುಂಬಿದ ದ್ರವದ ದಪ್ಪ ಇವನ್ನೆಲ್ಲ ಕೂಡಿಸಿ ಲೆಕ್ಕ ಹಾಕುವುದು ಸಾಫ್ಟ್‌ವೇರ್. ತೂಕ ತಪ್ಪಾಗಿ ತುಂಬಿದ್ದರೆ, ವಾರಗಳ ಎಣಿಕೆ ಆಚೀಚೆಯಾಗಿದ್ದರೆ ಉತ್ತರವೂ ಬದಲಾಗುತ್ತದೆ. ಗೂಗಲ್ ತೆರೆಯುವ ಮೊದಲು ಆ ಕಾಲಂಗಳನ್ನು ನೋಡುವುದು ಮೇಲು. ವಯಸ್ಸೊಂದರಿಂದಲೇ 35ರ ತಾಯಿಗೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು ಸಾಧ್ಯತೆ ಇದ್ದೇ ಇರುತ್ತದೆ.

ಮುಂದೆ ಎನ್‌ಐಪಿಟಿ ಮಾಡಿಸಿ ಎನ್ನುತ್ತಾರೆ. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳಿವೆ ಎಂದು ಡೆನ್ನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿಕೊಟ್ಟದ್ದರ ಫಲ ಈ ಪರೀಕ್ಷೆ. ಡಬಲ್ ಮಾರ್ಕರ್‌ಗಿಂತ ಬಹಳ ನಿಖರ, ದುಬಾರಿ ಕೂಡ. ಆದರೆ ಆ ಚೂರುಗಳು ಮುಖ್ಯವಾಗಿ ಬರುವುದು ಮಾಸಿನಿಂದ. ಮಾಸಿನ ವರ್ಣತಂತುಗಳೂ ಮಗುವಿನವೂ ಅಪರೂಪಕ್ಕೆ ಬೇರೆಯಾಗಿರುತ್ತವೆ. ಆದ್ದರಿಂದ ಎನ್‌ಐಪಿಟಿ ಪಾಸಿಟಿವ್ ಬಂದರೂ ಕೊನೆಯ ಮಾತು ಆಮ್ನಿಯೋದ್ದು. 15 ವಾರ ಕಳೆದ ಮೇಲೆ, ಸ್ಕ್ಯಾನ್ ನೋಡುತ್ತಾ, ಹೊಟ್ಟೆಗೆ ತೆಳು ಸೂಜಿ ಹಾಕಿ ಮಗುವಿನ ಸುತ್ತಲಿನ ನೀರು ತೆಗೆಯುತ್ತಾರೆ. ನುರಿತ ಕೈಯಲ್ಲಿ ಗರ್ಭಪಾತದ ಅಪಾಯ ಶೇಕಡಾ ಅರ್ಧಕ್ಕಿಂತ ಕಡಿಮೆ. ತುರ್ತು ಫಲಿತಾಂಶ ಕೆಲವೇ ದಿನಗಳಲ್ಲಿ, ಪೂರ್ತಿ ವರದಿ ಎರಡು ಮೂರು ವಾರಗಳಲ್ಲಿ.

ಗಂಡಹೆಂಡತಿಯನ್ನು ಅರೆಯುವುದು ಈ ನಡುವಿನ ವಾರಗಳು. ‘ಮೂರು ತುಂಬಿತಲ್ಲಮ್ಮ, ನಿಮ್ಮ ದೊಡ್ಡಮ್ಮನಿಗೆ ಹೇಳಿಬಿಡಲೇ?’ ಎಂದು ಅತ್ತೆ ಕೇಳುತ್ತಾರೆ. ಏನೋ ಆಗಿದೆ ಎಂದು ಗೊತ್ತಾದರೆ ಗ್ರಹಣದ ದಿನ ಹೊರಗೆ ಹೋಗಿದ್ದೆಯಾ, ಪಪ್ಪಾಯಿ ತಿಂದಿದ್ದೆಯಾ ಎಂಬ ವಿಚಾರಣೆ ಶುರು. ಉತ್ತರ ಕೊಡಬೇಕಾದವಳು ಸೊಸೆಯೇ; ಮಗನನ್ನು ಯಾರೂ ಏನೂ ಕೇಳುವುದಿಲ್ಲ. ಡೌನ್ ಸಿಂಡ್ರೋಮ್‌ನ ಬಹುಪಾಲು ಪ್ರಕರಣಗಳು ಕೋಶ ಒಡೆಯುವಾಗ ಆಕಸ್ಮಿಕವಾಗಿ ಆಗುವಂಥವು. ತಿಂದದ್ದರಿಂದಲೂ ಅಲ್ಲ, ನೋಡಿದ್ದರಿಂದಲೂ ಅಲ್ಲ. ಈ ಮಾತನ್ನು ಡಾಕ್ಟರು ಅತ್ತೆಯ ಎದುರಿಗೇ ಹೇಳಿದರೆ ಅರ್ಧ ಭಾರ ಇಳಿದೀತು. ಸಿಗುವುದಾದರೆ ಜೆನೆಟಿಕ್ ಕೌನ್ಸೆಲರ್ ಬಳಿ ಇಬ್ಬರೂ ಒಟ್ಟಿಗೆ ಹೋಗಬೇಕು. ಬೆಂಗಳೂರಿನಲ್ಲಿ ಸಿಗುತ್ತಾರೆ, ತಾಲ್ಲೂಕು ಊರಲ್ಲಿ ಆಸೆಪಡುವಂತಿಲ್ಲ.

ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ‘ಹೃದಯದಲ್ಲಿ ಬಿಳಿ ಚುಕ್ಕೆ’ ಎಂದು ಬರೆದದ್ದು ಇನ್ನೊಂದು ಬಗೆಯ ಗಾಬರಿ. ಬೇರೇನೂ ದೋಷ ಕಾಣದಿದ್ದರೆ, ಮೊದಲಿನ ಪರೀಕ್ಷೆಗಳೂ ಸರಿಯಿದ್ದರೆ, ಆ ಚುಕ್ಕೆಯೊಂದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಗರ್ಭಪಾತದ ಕಾನೂನಿಗೂ ತನ್ನದೇ ಗಡುವುಗಳಿವೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ, ಭ್ರೂಣದ ಗಂಭೀರ ದೋಷವೂ ಸೇರಿದಂತೆ ಕೆಲವು ಸಂದರ್ಭಗಳಲ್ಲಿ 24ರವರೆಗೆ ಇಬ್ಬರ ಒಪ್ಪಿಗೆ ಮೇಲೆ ಗರ್ಭ ತೆಗೆಸಬಹುದು. ಅದರಾಚೆ ದೊಡ್ಡ ದೋಷವಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸಬೇಕು. 18 ತುಂಬಿದ ಹೆಣ್ಣಿನ ಸಹಿ ಸಾಕು, ಗಂಡನದು ಬೇಕಿಲ್ಲ. ಬಸಿರು ಮುಂದುವರಿಸುತ್ತೇವೆ ಎನ್ನುವವರಿಗೂ ಮೊದಲೇ ತಿಳಿದದ್ದು ವ್ಯರ್ಥವಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಮಗುವಿನ ಎಕೋ ಮಾಡಿಸಿಟ್ಟರೆ, ಮಕ್ಕಳ ಹೃದ್ರೋಗ ತಜ್ಞರಿರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಹೆಸರು ಬರೆಸಬಹುದು.