ಲಿಂಕನ್ ಯುದ್ಧದ ಎಳೆ ಹಿಡಿದು ಹೊರಟರೆ ಧಾರವಾಡ!

ಬಾಶೆಟ್ಟಿಹಳ್ಳಿಗೂ ಅಬ್ರಹಾಂ ಲಿಂಕನ್‌ಗೂ ಎಲ್ಲಿಯ ನಂಟು ಅಂತೀರಾ? ಇದೆ! ಬಾಶೆಟ್ಟಿಹಳ್ಳಿ, ದೊಡ್ಡಬಳ್ಳಾಪುರದ ಸುತ್ತ ಗಾರ್ಮೆಂಟ್ಸ್‌ನಲ್ಲಿ ಹೆಣ್ಣುಮಕ್ಕಳು ಹೊಲಿಯುವ ಹತ್ತಿ ಅಂಗಿಯ ಒಂದು ಎಳೆ ಹಿಡಿದು ಹಿಂದಕ್ಕೆ ಹೊರಡಿ. ನಮ್ಮ ದೇಶ ಇಂದು ಬೆಳೆಯುವ ಹತ್ತಿಯಲ್ಲಿ ಬಹುಪಾಲು ಅಮೆರಿಕ ಮೂಲದ ಜಾತಿ. ಆ ಜಾತಿ ಕನ್ನಡದ ಮಣ್ಣಿನಲ್ಲಿ ಗಟ್ಟಿಯಾಗಿ ಬೇರೂರಿದ್ದು ಧಾರವಾಡದ ಎರೆಹೊಲಗಳಲ್ಲಿ.

ಅದನ್ನು ತಂದವರು ಯಾರು ಗೊತ್ತೇ? 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದಲೇ ಹತ್ತಿ ಬೇಸಾಯಗಾರರನ್ನು ಸಂಬಳ ಕೊಟ್ಟು ಕರೆಸಿತು. ಅದರ ಬೆನ್ನಿಗೇ ನ್ಯೂ ಓರ್ಲಿಯನ್ಸ್ ಎಂಬ ಅಮೆರಿಕದ ಹತ್ತಿಯ ಬೀಜ ಧಾರವಾಡ ಜಿಲ್ಲೆಗೆ ಬಂತು, ಚೆನ್ನಾಗಿಯೇ ಒಗ್ಗಿತು.

ಆದರೆ ಒಂದು ತೊಡಕು. ಇಲ್ಲಿಯ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ಅಮೆರಿಕದ ಹತ್ತಿಯಲ್ಲಿ ಅರಳೆ ಕಾಳಿಗೆ ಕಚ್ಚಿಕೊಂಡೇ ಇರುತ್ತದೆ, ಸರಳಿಗೆ ಜಗ್ಗಲಿಲ್ಲ. ಆಗ ಬಂತು ನೋಡಿ, ಗರಗಸದ ಜಿನ್ ಎಂಬ ಕಾಳು ಬಿಡಿಸುವ ಯಂತ್ರ! ಸಾಲಾಗಿ ಕೂತ ಗರಗಸದ ಚಕ್ರಗಳು ಗಿರ್ರನೆ ತಿರುಗಿ ಅರಳೆಯನ್ನು ಕಿರಿದಾದ ಕಿಂಡಿಗಳೊಳಕ್ಕೆ ಎಳೆದುಕೊಳ್ಳುತ್ತವೆ; ಕಿಂಡಿಯಲ್ಲಿ ತೂರದ ಕಾಳು ಈಚೆಗೆ ಉದುರುತ್ತದೆ. ಇವುಗಳನ್ನು ಮಾಡಿ, ರಿಪೇರಿ ಮಾಡಿಕೊಡಲು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆಯೇ ಎದ್ದಿತು.

ಮೈ ಜುಮ್ಮೆನ್ನುವುದು ಈಗ. 1793ರಲ್ಲಿ ಎಲಿ ವಿಟ್ನಿ ರೂಪಿಸಿದ್ದ ಇದೇ ಬಗೆಯ ಜಿನ್ನೇ ಅಮೆರಿಕದ ಗುಲಾಮಗಿರಿಗೆ ಹೊಸ ಉಸಿರು ಕೊಟ್ಟದ್ದು! ಬಿಡಿಸುವ ಕೆಲಸ ಹಗುರಾದದ್ದೇ ತಡ, ಹತ್ತಿ ಹೊಲಗಳು ಹಬ್ಬಿದವು; ಹೊಲಕ್ಕೆ ಆಳು ಬೇಕಾಯಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರು 1860ರ ವೇಳೆಗೆ ಸುಮಾರು 40 ಲಕ್ಷ!

1861ರ ಏಪ್ರಿಲ್. ಗುಲಾಮಗಿರಿಯ ಪ್ರಶ್ನೆಯಲ್ಲಿ ಅಮೆರಿಕ ಉತ್ತರ, ದಕ್ಷಿಣ ಎಂದು ಎರಡಾಗಿ ಒಡೆದು ಯುದ್ಧ ಶುರುವಾಯಿತು. ಹತ್ತಿ ಬೆಳೆಯುವ ದಕ್ಷಿಣದ ಬಂದರುಗಳಿಗೆ ಅಧ್ಯಕ್ಷ ಲಿಂಕನ್ ದಿಗ್ಬಂಧನ ಹಾಕಿದರು. ಅಲ್ಲಿಯ ಹತ್ತಿಯನ್ನು ನಂಬಿದ್ದ ಇಂಗ್ಲೆಂಡಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು. ಅವುಗಳ ಕಣ್ಣು ಭಾರತದತ್ತ ತಿರುಗಿತು. ಹತ್ತಿಯ ಬೆಲೆ ಮೂರು ಪಟ್ಟು ದಾಟಿ ಏರಿತು. ಹತ್ತಿಯಲ್ಲಿ ಕಲಬೆರಕೆ ಎಷ್ಟು ಹೆಚ್ಚಿತೆಂದರೆ, ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತಂದಿತು. ಕಾರವಾರ ಬಂದರಿಗೆ ಹತ್ತಿ ಇಳಿಸುವ ಆಸೆಗೆ ಘಟ್ಟದ ರಸ್ತೆಗಳ ಕೆಲಸ ನಡೆಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಒತ್ತಡವಿತ್ತು. ಎಲ್ಲಿಯೋ ಗುಂಡು ಹಾರಿದರೆ ಇಲ್ಲಿ ಜಿಲ್ಲೆಯ ಹಣೆಬರಹವೇ ಬದಲು!

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಮುಂಬಯಿಯ ಷೇರುಪೇಟೆ ದಿವಾಳಿಯೆದ್ದಿತು. ಒಳ್ಳೆಯ ಕಾಲ ನಂಬಿ ಸಾಲ ಮಾಡಿದವರಿಗೆ ಉಳಿದದ್ದು ಸಾಲವೇ. 1875ರಲ್ಲಿ ಪುಣೆ, ಅಹಮದನಗರದ ರೈತರು ಸಾಹುಕಾರರ ಸಾಲಪತ್ರಗಳನ್ನೇ ಕಿತ್ತು ಸುಟ್ಟರು.

ಅತ್ತ ಅಮೆರಿಕದಲ್ಲಿ, ಯುದ್ಧದಲ್ಲಿ ಸೋತ ದಕ್ಷಿಣವನ್ನು ಹೊಸದಾಗಿ ಕಟ್ಟುವ ‘ಪುನರ್‌ನಿರ್ಮಾಣ’ದ ಕಾಲ. 1865ರಲ್ಲಿ ಗುಲಾಮಗಿರಿ ರದ್ದು, 1868ರಲ್ಲಿ ಬಿಡುಗಡೆಯಾದವರಿಗೆ ಪೌರತ್ವ, 1870ರಲ್ಲಿ ಕಪ್ಪು ಗಂಡಸರಿಗೆ ಮತದ ಹಕ್ಕು. ಅದೇ ವರ್ಷ ಹೈರಮ್ ರೆವೆಲ್ಸ್ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ಸದಸ್ಯರಾದರು. ಎಲ್ಲ ಸಿಕ್ಕಿತು, ಭೂಮಿ ಮಾತ್ರ ಸಿಗಲಿಲ್ಲ. ಹಳೆಯ ಒಡೆಯರ ಹೊಲವನ್ನೇ ಪಾಲಿಗೆ ಮಾಡಬೇಕು, ಅಂಗಡಿಯಲ್ಲಿ ಕಾಳುಕಡಿ ಕಡ ತರಬೇಕು, ಸುಗ್ಗಿಯಲ್ಲಿ ಲೆಕ್ಕ ಮಾಡಿದರೆ ಬೆಳೆಗಿಂತ ಬಾಕಿಯೇ ದೊಡ್ಡದು! 1877ರಲ್ಲಿ ದಕ್ಷಿಣದಲ್ಲಿ ಈ ಹಕ್ಕುಗಳಿಗೆ ಕಾವಲಿದ್ದ ಕೇಂದ್ರದ ಸೈನ್ಯ ಹಿಂದೆ ಸರಿಯಿತು. ಪುನರ್‌ನಿರ್ಮಾಣ ಅಲ್ಲಿಗೆ ನಿಂತಿತು.

ಸರಪಳಿ ಕಡಿದರೂ ಸಾಲ ಕಡಿಯದಿದ್ದರೆ ಬಿಡುಗಡೆ ಅರ್ಧವೇ. ಈ ಪಾಠ ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿದೆ: ಅದು ಜೀತದಾಳನ್ನು ಬಿಡಿಸುವುದಷ್ಟೇ ಅಲ್ಲ, ಆ ಜೀತದ ಸಾಲವನ್ನೂ ಅಳಿಸಿಹಾಕುತ್ತದೆ. ಇಟ್ಟಿಗೆ ಗೂಡಿನಲ್ಲೋ ತೋಟದಲ್ಲೋ ಮುಂಗಡ ಕೊಟ್ಟು ಜನರನ್ನು ಕಟ್ಟಿಹಾಕಿದ್ದು ಕಂಡರೆ, ತಡಮಾಡದೆ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ.